ಹಳೇ ಹೊಲ, ಸಾವಿರ ಮೊಳೆ: ಯಾವ ಮೆಟಲ್ ಡಿಟೆಕ್ಟರ್ ತಗೊಳ್ಳೋದು?

ಬಾಸ್ಟನ್ ಸುತ್ತಮುತ್ತ, ನ್ಯೂ ಹ್ಯಾಂಪ್‌ಶೈರ್, ಕನೆಕ್ಟಿಕಟ್ ಕಡೆ ಇರುವ ನಮ್ಮವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮನೆ ಹಿಂದಿನ ಕಾಡು ಒಂದು ಕಾಲಕ್ಕೆ ಹೊಲವಾಗಿತ್ತಂತೆ. ಕಲ್ಲಿನ ಗೋಡೆ ಇದೆ, ಬಿದ್ದುಹೋದ ಮನೆಯ ಪಾಯವೂ ಇದೆ. ಹಳೇ ಸಾಮಾನು ಹುಡುಕೋಣ ಅಂತ ಆಸೆ. ಸಿಂಪ್ಲೆಕ್ಸ್ ಸಾಕಾ, ವ್ಯಾಂಕ್ವಿಶ್ ತಗೊಳ್ಳಲಾ, ಇಲ್ಲ ಒಂದೇ ಸಲ ದುಡ್ಡು ಸುರಿದು ಇಕ್ವಿನಾಕ್ಸೋ ಡ್ಯೂಸೋ ತಂದುಬಿಡಲಾ?"

ಅಂಗಡಿಯವರನ್ನು ಕೇಳಿದರೆ ಆಳದ ಲೆಕ್ಕ ಹೇಳುತ್ತಾರೆ. ಇದು ಎಂಟು ಇಂಚು, ಅದು ಹನ್ನೆರಡು ಇಂಚು ಅಂತ. ನನಗೆ ಆ ಲೆಕ್ಕದಲ್ಲಿ ನಂಬಿಕೆ ಕಡಿಮೆ. ಹಳೇ ಹೊಲಮನೆಯ ಜಾಗದಲ್ಲಿ ಆಟ ಕೆಡಿಸುವುದು ಮೊಳೆ. ಯಾವ ಯಂತ್ರ ಮೊಳೆಗಳ ನಡುವೆ ಕೂತ ಸಣ್ಣ ಕೋಟಿನ ಗುಂಡಿಯನ್ನು ಕೇಳಿಸಿಕೊಳ್ಳುತ್ತದೋ ಅದೇ ಒಳ್ಳೆಯ ಯಂತ್ರ. ಈ ಬರಹ ಪೂರ್ತಿ ಇದೇ ಕಣ್ಣಿನಿಂದ ನೋಡುತ್ತದೆ.

ನೆಲದಲ್ಲಿ ಏನಿದೆ

ನ್ಯೂ ಇಂಗ್ಲೆಂಡಿನ, ಅಂದರೆ ಅಮೆರಿಕದ ಈಶಾನ್ಯ ಮೂಲೆಯ ಈ ರಾಜ್ಯಗಳ, ಕಾಡು ನೋಡಿದರೆ ಮೊದಲಿನಿಂದ ಹಾಗೇ ಇದ್ದದ್ದು ಅನ್ನಿಸುತ್ತದೆ. ಬಹುಪಾಲು ಹಾಗಲ್ಲ. 19ನೇ ಶತಮಾನದ ನಡುವಿನ ಹೊತ್ತಿಗೆ ಅದರ ದಕ್ಷಿಣ ಭಾಗದಲ್ಲಿ ಅರ್ಧಕ್ಕೂ ಜಾಸ್ತಿ ನೆಲ ಹೊಲ, ಇಲ್ಲವೇ ದನ ಕುರಿಗಳ ಹುಲ್ಲುಗಾವಲು. 1825ರಲ್ಲಿ ಪಶ್ಚಿಮದ ಮಹಾಸರೋವರಗಳನ್ನು ನ್ಯೂಯಾರ್ಕ್ ಕಡೆಗೆ ಜೋಡಿಸುವ ಈರಿ ಕಾಲುವೆ ತೆರೆಯಿತು. ಪಶ್ಚಿಮದ ಕಲ್ಲಿಲ್ಲದ ನೆಲದ ಗೋಧಿ ಅಗ್ಗಕ್ಕೆ ಬಂದು ಬಿತ್ತು. ಇತ್ತ ಬಟ್ಟೆ ಗಿರಣಿಯ ಊರುಗಳು ಕೂಲಿಗೆ ಕರೆದವು. ವರ್ಷವರ್ಷವೂ ಹೊಲದಿಂದ ಕಲ್ಲು ಹೆಕ್ಕಿ ಸುಸ್ತಾದವರು ಗಂಟುಮೂಟೆ ಕಟ್ಟಿದರು. ಮನೆ ಬಿತ್ತು, ಪೈನ್ ಮರ ಎದ್ದಿತು. ಉಳಿದದ್ದು ಕಲ್ಲು ಕಟ್ಟಿದ ನೆಲಮಾಳಿಗೆಯ ಗುಳಿ. ಇಲ್ಲಿನವರು ಅದನ್ನು ಸೆಲ್ಲಾರ್ ಹೋಲ್ ಅನ್ನುತ್ತಾರೆ.

ಆ ಗುಳಿಯ ಸುತ್ತ ಸಿಗುವುದು ನಿಧಿ ಅಲ್ಲ, ಮನೆಬಳಕೆಯ ಚೂರುಪಾರು. ಕೋಟಿನ ಚಪ್ಪಟೆ ಗುಂಡಿ, ಬೂಟಿನ ಬಕಲ್ಲಿನ ತುಂಡು, ಪ್ಯೂಟರ್ (ತವರದ ಮಿಶ್ರಲೋಹ) ಚಮಚದ ಮುರಿದ ಹಿಡಿ, ಹೊಲಿಯುವಾಗ ಬೆರಳಿಗೆ ಹಾಕುವ ಲೋಹದ ಟೋಪಿ, ಬಂದೂಕಿನ ಸೀಸದ ಗುಂಡು, ಕುದುರೆಯ ಗೆಜ್ಜೆ. ಅದೃಷ್ಟ ಇದ್ದರೆ ಒಂದು ಲಾರ್ಜ್ ಸೆಂಟ್. 1793ರಿಂದ 1857ರವರೆಗೆ ಟಂಕಿಸಿದ ದಪ್ಪ ತಾಮ್ರದ ನಾಣ್ಯ ಅದು.

ನಮ್ಮ ಊರಿನವರಿಗೆ ಕಂಡ ತಕ್ಷಣ ಗುರುತು ಸಿಗುವ ವಸ್ತು ಎತ್ತಿನ ಲಾಳ. ಇಲ್ಲಿಯೂ ಎತ್ತುಗಳೇ ಉತ್ತದ್ದು. ಗೊರಸು ಸೀಳಿರುವುದರಿಂದ ಒಂದೊಂದು ಕಾಲಿಗೆ ಎರಡು ತುಂಡು ಲಾಳ, ಒಂದು ಎತ್ತಿಗೆ ಎಂಟು. ಅಂಗೈಯಷ್ಟು ಉದ್ದ, ಅರ್ಧಚಂದ್ರದ ಆಕಾರ. ತುಕ್ಕು ಹಿಡಿದು ಮಣ್ಣು ಮೆತ್ತಿಕೊಂಡಿದ್ದರೂ ಹೊರ ಅಂಚಿನಲ್ಲಿ ಮೊಳೆ ಹೊಡೆದ ತೂತುಗಳು ಸಾಲಾಗಿ ಕಾಣುತ್ತವೆ. ಲಾಳ ಕಟ್ಟುವವರ ಮುಂದೆ ಎತ್ತು ಕೆಡವಿದ್ದನ್ನು ಚಿಕ್ಕಂದಿನಲ್ಲಿ ನೋಡಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲನೆಯದು ಮೊಳೆ. ಡಿಟೆಕ್ಟರಿನ ದಂಡದ ತುದಿಯಲ್ಲಿರುವ ತಟ್ಟೆಯಂಥ ಕಾಯಿಲ್, ಅಂದರೆ ತಂತಿಯ ಸುರುಳಿ, ನೆಲಕ್ಕೆ ಕಾಂತಕ್ಷೇತ್ರ ಬಿಡುತ್ತದೆ. ಲೋಹದಲ್ಲಿ ಸಣ್ಣ ವಿದ್ಯುತ್ ಹುಟ್ಟಿ, ಅದರ ಸುಳಿವು ವಾಪಸು ಬರುತ್ತದೆ. ಅದು ಎಷ್ಟು ತಡವಾಗಿ, ಹೇಗೆ ಬಂತು ಅನ್ನುವುದರ ಮೇಲೆ ಯಂತ್ರ ಇದು ಕಬ್ಬಿಣ, ಇದು ತಾಮ್ರ ಅಂತ ಅಂದಾಜು ಮಾಡಿ ಒಂದು ಸಂಖ್ಯೆ, ಒಂದು ಸದ್ದು ಕೊಡುತ್ತದೆ. ಒಂದೇ ವಸ್ತು ಇದ್ದರೆ ಸಲೀಸು. ಕಾಯಿಲ್ ಕೆಳಗೆ ಒಂದು ಗುಂಡಿ, ನಾಲ್ಕು ಮೊಳೆ ಒಟ್ಟಿಗೆ ಇದ್ದರೆ? ಸಂತೆಯ ಗದ್ದಲದಲ್ಲಿ ಪಕ್ಕದವರು ಪಿಸುಗುಟ್ಟಿದ ಹಾಗೆ, ಗುಂಡಿಯ ದನಿ ಮುಳುಗಿಹೋಗುತ್ತದೆ. ಬಿದ್ದ ಮನೆಯ ಸುತ್ತ, ಅದರಲ್ಲೂ ಸುಟ್ಟ ಮನೆಯ ಸುತ್ತ, ಅಂಗೈ ಅಗಲಕ್ಕೊಂದು ಮೊಳೆ ಇದ್ದೇ ಇರುತ್ತದೆ.

ಇದಕ್ಕೆ ಮದ್ದು ಎರಡು. ಒಂದು ಸದ್ದು ಮುಗಿಸಿ ಇನ್ನೊಂದಕ್ಕೆ ಬೇಗ ತಯಾರಾಗುವ ಯಂತ್ರ ಬೇಕು. ಈ ಗುಣಕ್ಕೆ ರಿಕವರಿ ಸ್ಪೀಡ್ ಅನ್ನುತ್ತಾರೆ. ಇನ್ನೊಂದು ಮದ್ದು ಚಿಕ್ಕ ಕಾಯಿಲ್. ಆರು ಇಂಚಿನ ಕಾಯಿಲ್ ಒಂದು ಹೊತ್ತಿಗೆ ಕಡಿಮೆ ನೆಲ ನೋಡುತ್ತದೆ, ಅದರ ಕೆಳಗೆ ಮೊಳೆಗಳೂ ಕಡಿಮೆ. ಆಳ ಸ್ವಲ್ಪ ಹೋಗುತ್ತದೆ, ಹೋಗಲಿ. ಮನೆಯಂಗಳ ಉಳುವ ಜಾಗವಲ್ಲ. ಬಿದ್ದದ್ದು ಎಲೆಮಣ್ಣಿನ ಕೆಳಗೆ ಕೆಲವೇ ಇಂಚಿನಲ್ಲಿ ಕೂತಿರುತ್ತದೆ.

ಎರಡನೆಯದು ನಿಮಗೆ ಏನು ಬೇಕು ಅನ್ನುವುದು. ತೆಳ್ಳಗಿನ ಗುಂಡಿ, ಪ್ಯೂಟರ್ ಚೂರು, ಪುಟ್ಟ ಸೀಸ ಇವನ್ನು ಹೆಚ್ಚಿನ ಫ್ರೀಕ್ವೆನ್ಸಿ (ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕ) ಚೆನ್ನಾಗಿ ಹಿಡಿಯುತ್ತದೆ. ದಪ್ಪ ತಾಮ್ರ, ಬೆಳ್ಳಿಗೆ ಕಡಿಮೆ ಫ್ರೀಕ್ವೆನ್ಸಿ ಒಳ್ಳೆಯದು. ಕೊಡಲಿಯ ತಲೆ, ಬೀಗ, ಬಾಗಿಲಿನ ತಿರುಗಣಿ, ಗುದ್ದಲಿ ಅಂತ ಕಬ್ಬಿಣದ ಸಾಮಾನೇ ಇಷ್ಟ ಅನ್ನುವವರೂ ಇದ್ದಾರೆ. ಅವರಿಗೆ ಯಾವ ಡಿಟೆಕ್ಟರ್ ಆದರೂ ನಡೆಯುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಮೂರನೆಯದು ಜಾಗ. ಗುಳಿಯ ಸುತ್ತಲಿನ ಅಂಗಳವೋ, ಇನ್ನೂ ಬಯಲಾಗೇ ಇರುವ ಹಳೇ ಹೊಲವೋ? ಬಯಲಿನಲ್ಲಿ ಮೊಳೆ ಕಡಿಮೆ, ಸಾಮಾನೂ ಚದುರಿರುತ್ತದೆ, ನೇಗಿಲು ಅದನ್ನು ಮೇಲೆ ಕೆಳಗೆ ಮಾಡಿರುತ್ತದೆ. ಅಲ್ಲಿ ಹನ್ನೊಂದು ಇಂಚಿನ ಕಾಯಿಲ್ ಲಾಭ. ಬೇಸಿಗೆಯಲ್ಲಿ ಸಮುದ್ರದಂಡೆಗೂ ಒಯ್ಯುವ ಆಸೆ ಇದೆಯೋ ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಉಪ್ಪುನೀರು ನೆನೆದ ಮರಳಿನಲ್ಲಿ ಒಂದೇ ಫ್ರೀಕ್ವೆನ್ಸಿಯ ಯಂತ್ರ ಸುಮ್ನೆ ಕಿರುಚುತ್ತಿರುತ್ತದೆ.

ತೂಕದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಹಳಷ್ಟು ಯಂತ್ರಗಳು 1.3 ಕೆಜಿ ಆಸುಪಾಸಿನಲ್ಲಿವೆ. ಭುಜದ ನೋವು ಇದ್ದವರು ಮಾತ್ರ ಇದನ್ನು ಮೊದಲ ಸ್ಥಾನಕ್ಕೆ ತರಲಿ.

ಕೊನೆಯದು ದುಡ್ಡು. ಯಂತ್ರದ ಬೆಲೆಯನ್ನಷ್ಟೇ ಲೆಕ್ಕ ಹಾಕಬೇಡಿ. ಪಿನ್‌ಪಾಯಿಂಟರ್ ಅನ್ನುವ ಕೈಯಳತೆಯ ಪುಟ್ಟ ಡಿಟೆಕ್ಟರ್ ಬೇಕೇ ಬೇಕು. ಅಗೆದ ಮಣ್ಣಿನಲ್ಲಿ ಕಪ್ಪಗಾದ ಗುಂಡಿ ಕಣ್ಣಿಗೆ ಬೀಳುವುದಿಲ್ಲ. ಗ್ಯಾರೆಟ್‌ನ ಕಿತ್ತಳೆ ಬಣ್ಣದ ಪ್ರೊ-ಪಾಯಿಂಟರ್ ಎಟಿ ಎಲ್ಲರ ಕೈಯಲ್ಲೂ ಕಾಣುತ್ತದೆ, ಅದಕ್ಕೇ ನೂರು ಡಾಲರ್ ದಾಟುತ್ತದೆ. ಜೊತೆಗೆ ಬೇರು ಕತ್ತರಿಸಲು ಹಲ್ಲಿರುವ ಗಟ್ಟಿ ಸಲಿಕೆ. ಈ ಎರಡಕ್ಕೆ ಒಟ್ಟು ಇನ್ನೂರು ಡಾಲರ್ ಬದಿಗಿಡಿ. ಉಳಿದದ್ದೇ ಯಂತ್ರದ ಬಜೆಟ್. ಕೆಳಗೆ ಹೇಳುವ ಬೆಲೆಗಳೆಲ್ಲ ಅಂದಾಜು, ಹಬ್ಬದ ಸೇಲ್‌ನಲ್ಲಿ ಇಳಿಯುತ್ತವೆ.

ನೂರು ಡಾಲರ್ ಒಳಗಿನವು

ಬೇಡ. ಇವು ಕಬ್ಬಿಣ ಯಾವುದು, ತಾಮ್ರ ಯಾವುದು ಅಂತ ನಂಬುವ ಹಾಗೆ ಹೇಳುವುದಿಲ್ಲ. ಮೊಳೆ ಅಗೆದು ಅಗೆದು ವಾರದಲ್ಲಿ ಬೇಸರ ಬಂದು ಗರಾಜಿನ ಮೂಲೆ ಸೇರುತ್ತವೆ. ಮಕ್ಕಳಿಗೆ ಅಂತಾದರೆ ಬೇರೆ ಮಾತು. ನೊಕ್ಟಾದವರ ಮಿನಿ ಹೋರ್ಡ್, ಮಿಡಿ ಹೋರ್ಡ್ ಮಕ್ಕಳಿಗೆಂದೇ ಮಾಡಿದವು.

ಗ್ಯಾರೆಟ್ ಏಸ್ 300, 400

ಟೆಕ್ಸಸ್‌ನ ಗ್ಯಾರೆಟ್ 1964ರಿಂದ ಈ ಕೆಲಸದಲ್ಲಿದೆ. ಏಸ್ 300ರ ಫ್ರೀಕ್ವೆನ್ಸಿ ಎಂಟು ಕಿಲೊಹರ್ಟ್ಸ್, ಏಸ್ 400ರದ್ದು ಹತ್ತು. ನಾಲ್ಕು ಪೆನ್ಸಿಲ್ ಸೆಲ್ ಹಾಕಿ, ಬಟನ್ ಒತ್ತಿ, ಹೊರಡಿ. ಕಲಿಯಲು ಇಷ್ಟು ಸುಲಭದ್ದು ಬೇರೆ ಇಲ್ಲ. 400ರಲ್ಲಿ ಕಬ್ಬಿಣದ ಸದ್ದನ್ನು ಬೇರೆ ಮಾಡಿ ಕೇಳಿಸುವ ಸೌಲಭ್ಯ ಇದೆ. ಹೊಲಮನೆಯ ಜಾಗಕ್ಕೆ ಅದು ಬೇಕು, ಹಾಗಾಗಿ ಎರಡರಲ್ಲಿ 400. ಆದರೆ ನೆಲಕ್ಕೆ ತಕ್ಕಂತೆ ಯಂತ್ರವನ್ನು ಹೊಂದಿಸುವ ಗ್ರೌಂಡ್ ಬ್ಯಾಲೆನ್ಸ್ ಇದರಲ್ಲಿ ಇಲ್ಲ, ಕಾರ್ಖಾನೆಯಲ್ಲಿ ಇಟ್ಟದ್ದೇ. ಕಾಯಿಲ್ ನೀರಿಗೆ ತಾಳುತ್ತದೆ, ಮೇಲಿನ ಡಬ್ಬಿ ತಾಳುವುದಿಲ್ಲ. ಬೆಲೆ ಮುನ್ನೂರರ ಆಚೀಚೆ. ಅದೇ ದುಡ್ಡಿಗೆ ಮುಂದಿನ ಎರಡು ಸಿಗುವಾಗ ಇದನ್ನು ಹೊಸದಾಗಿ ಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ. ಪರಿಚಯದವರ ಹತ್ತಿರ ಹಳೆಯದು ನೂರೈವತ್ತಕ್ಕೆ ಸಿಕ್ಕರೆ, ಅದರಲ್ಲೂ ಕಬ್ಬಿಣದ ಸಾಮಾನು ಇಷ್ಟವಾದವರು, ಕಣ್ಣುಮುಚ್ಚಿ ತಗೊಳ್ಳಿ.

ನೊಕ್ಟಾ ಸಿಂಪ್ಲೆಕ್ಸ್

ಟರ್ಕಿಯ ಕಂಪನಿ. ಮೊದಲ ಸಿಂಪ್ಲೆಕ್ಸ್ ಪ್ಲಸ್ 12 ಕಿಲೊಹರ್ಟ್ಸ್‌ದು. ಈಗಿನ ಅಲ್ಟ್ರಾ 15. ಪೂರ್ತಿ ಯಂತ್ರವೇ ನೀರಿಗೆ ತಾಳುತ್ತದೆ. ಮಳೆ ಬಂತು ಅಂತ ಪ್ಲಾಸ್ಟಿಕ್ ಕವರ್ ಸುತ್ತಬೇಕಿಲ್ಲ. ಒಳಗೇ ಚಾರ್ಜ್ ಆಗುವ ಬ್ಯಾಟರಿ. ಗ್ರೌಂಡ್ ಬ್ಯಾಲೆನ್ಸ್ ಇದೆ. ಕಬ್ಬಿಣದ ಸದ್ದಿನ ಗಾತ್ರವನ್ನಷ್ಟೇ ತಗ್ಗಿಸಬಹುದು. ಇದನ್ನು ಸಣ್ಣ ಸೌಲಭ್ಯ ಅಂದುಕೊಳ್ಳಬೇಡಿ. ಮೊಳೆಯ ಸದ್ದನ್ನು ಪೂರ್ತಿ ಅಡಗಿಸಿದರೆ ನೀವು ಎಲ್ಲಿ ನಿಂತಿದ್ದೀರಿ ಅಂತಲೇ ಗೊತ್ತಾಗುವುದಿಲ್ಲ. ಮೊಳೆ ದಟ್ಟವಾದಲ್ಲೇ ಮನೆ ಇತ್ತು, ಅಲ್ವಾ? ಮೆಲ್ಲಗೆ ಗೊರಗೊರ ಅನ್ನುತ್ತಿರಲಿ, ನಡುವೆ ಒಂದು ತುಂಡು ಸಿಹಿ ಸದ್ದು ಬಂದಾಗ ನಿಲ್ಲಿ.

ಕೊರತೆ ಎಂದರೆ ಒಂದೇ ಫ್ರೀಕ್ವೆನ್ಸಿ. ಒಳನಾಡಿನ ಮಣ್ಣಿನಲ್ಲಿ ಇದು ತೊಂದರೆಯೇ ಅಲ್ಲ. ಒದ್ದೆ ಸಮುದ್ರದಂಡೆಯಲ್ಲಿ ತೊಂದರೆ. ಕಾಡಿಗೆ ಮಾತ್ರ ಹೋಗುವವರು, ಒಟ್ಟು ಐನೂರರಲ್ಲಿ ಎಲ್ಲ ಮುಗಿಯಬೇಕು ಅನ್ನುವವರು ಇಲ್ಲಿಗೇ ನಿಂತರೆ ಕಳೆದುಕೊಳ್ಳುವುದು ಕಡಿಮೆ. ಚಿಕ್ಕ ಕಾಯಿಲ್ ಬೇರೆಯಾಗಿ ಸಿಗುತ್ತದೆ.

ಮೈನ್‌ಲ್ಯಾಬ್ ವ್ಯಾಂಕ್ವಿಶ್ 340, 440, 540

ಆಸ್ಟ್ರೇಲಿಯಾದವರ ಈ ಸಾಲು 2019ರಲ್ಲಿ ಬಂತು. ಕಡಿಮೆ ಬೆಲೆಗೆ ಹಲವು ಫ್ರೀಕ್ವೆನ್ಸಿ ಒಟ್ಟಿಗೆ ಕೊಟ್ಟದ್ದು ಇದರ ದೊಡ್ಡ ವಿಷಯ. ಗುರುತಿನ ಸಂಖ್ಯೆ ಸ್ಥಿರವಾಗಿ ನಿಲ್ಲುತ್ತದೆ. ಆ ಕಡೆಯಿಂದ ಬೀಸಿದರೂ ಈ ಕಡೆಯಿಂದ ಬೀಸಿದರೂ ಅದೇ ಸಂಖ್ಯೆ ಬಂದರೆ ಹೊಸಬರಿಗೆ ಧೈರ್ಯ. ಸಮುದ್ರದಂಡೆಗೂ ಆಗುತ್ತದೆ.

ಬಿಟ್ಟುಕೊಡಬೇಕಾದದ್ದು ಏನು? ಗ್ರೌಂಡ್ ಬ್ಯಾಲೆನ್ಸ್ ಯಂತ್ರವೇ ಮಾಡಿಕೊಳ್ಳುತ್ತದೆ, ನಿಮ್ಮ ಕೈಗೆ ಕೊಡುವುದಿಲ್ಲ. ಹೊಂದಾಣಿಕೆಗಳು ಕಡಿಮೆ. ಡಬ್ಬಿ ಮಳೆಗೆ ಅಷ್ಟಕ್ಕಷ್ಟೇ. ಆದರೆ 540ರ ಪ್ರೊ ಪ್ಯಾಕ್ ಕೊಂಡರೆ ಜೊತೆಗೆ ಎಂಟು ಇಂಚು ಉದ್ದ, ಐದು ಇಂಚು ಅಗಲದ ಚಿಕ್ಕ ಕಾಯಿಲ್ ಬರುತ್ತದೆ. ಮೊಳೆ ತುಂಬಿದ ಅಂಗಳಕ್ಕೆ ಹೇಳಿ ಮಾಡಿಸಿದ್ದು. ಸಿಂಪ್ಲೆಕ್ಸೋ ವ್ಯಾಂಕ್ವಿಶ್ಶೋ ಅಂತ ತಲೆ ಕೆಡಿಸಿಕೊಂಡವರಿಗೆ ನನ್ನ ಉತ್ತರ ಇಷ್ಟು: ತಿರುಗಿಸಿ ನೋಡಿ ಕಲಿಯುವ ಚಟ ಇದ್ದರೆ ಸಿಂಪ್ಲೆಕ್ಸ್. ಆನ್ ಮಾಡಿ ನಡೆದರೆ ಸಾಕು ಅನ್ನುವವರಿಗೆ, ಬೀಚೂ ಬೇಕು ಅನ್ನುವವರಿಗೆ ವ್ಯಾಂಕ್ವಿಶ್.

ನೊಕ್ಟಾ ಲೆಜೆಂಡ್, ಮೈನ್‌ಲ್ಯಾಬ್ ಇಕ್ವಿನಾಕ್ಸ್

ಐನೂರರಿಂದ ಸಾವಿರದ ನಡುವಿನ ಜಾಗ ಇದು. ಮೊಳೆಯ ವಿಷಯದಲ್ಲಿ ನಿಜವಾದ ಜಿಗಿತ ಇಲ್ಲೇ ಆಗುವುದು. ಹಲವು ಫ್ರೀಕ್ವೆನ್ಸಿ, ಜೊತೆಗೆ ರಿಕವರಿ ಸ್ಪೀಡನ್ನು ನೀವೇ ಏರಿಸಿ ಇಳಿಸಬಹುದು. ಬಯಲಿಗೆ ಹೋದಾಗ ನಿಧಾನಕ್ಕಿಡಿ, ಆಳ ಸಿಗುತ್ತದೆ. ಗುಳಿಯ ಹತ್ತಿರ ಬಂದಾಗ ಏರಿಸಿ, ಮೊಳೆಯ ಸಂದಿಯಿಂದ ಗುಂಡಿ ಇಣುಕುತ್ತದೆ. ಎರಡಕ್ಕೂ ಆರು ಇಂಚಿನ ಕಾಯಿಲ್ ಇದೆ. ಇಕ್ವಿನಾಕ್ಸ್ 900ರ ಪೆಟ್ಟಿಗೆಯಲ್ಲಿ ಹನ್ನೊಂದರದೂ ಆರರದೂ ಎರಡೂ ಬರುತ್ತವೆ. 700ರಲ್ಲಿ ದೊಡ್ಡದು ಮಾತ್ರ.

ಇವು ಹೇಳುವುದೆಲ್ಲ ನಿಜ ಅಂದುಕೊಳ್ಳಬೇಡಿ. ದುಂಡಗಿನ, ಇಲ್ಲವೇ ಅಗಲ ಚಪ್ಪಟೆಯ ಕಬ್ಬಿಣ, ಉದಾಹರಣೆಗೆ ವಾಷರ್, ಸರಪಳಿಯ ಕೊಂಡಿ, ಅದೇ ಎತ್ತಿನ ಲಾಳ, ಬೆಳ್ಳಿಯ ಸದ್ದು ಕೊಟ್ಟು ಮೋಸ ಮಾಡುತ್ತದೆ. ಬಾಗಿದ ಮೊಳೆಯ ತುದಿಯೂ ಹಾಗೇ. ಒಂದು ದಿಕ್ಕಿನಿಂದ ಬೀಸಿ, ತೊಂಬತ್ತು ಡಿಗ್ರಿ ತಿರುಗಿ ಮತ್ತೆ ಬೀಸಿ. ಸದ್ದು ಮಾಯವಾದರೆ ಹೆಚ್ಚಾಗಿ ಕಬ್ಬಿಣವೇ. ಈ ಪರೀಕ್ಷೆ ಅಗ್ಗದ ಯಂತ್ರದಲ್ಲೂ ಮಾಡಬಹುದು.

ಲೆಜೆಂಡೋ ಇಕ್ವಿನಾಕ್ಸೋ? ನನಗೆ ಲೆಜೆಂಡ್ ಕೊಟ್ಟ ದುಡ್ಡಿಗೆ ಜಾಸ್ತಿ ಕೊಡುತ್ತದೆ ಅನ್ನಿಸುತ್ತದೆ. ಇಕ್ವಿನಾಕ್ಸ್ ಬಳಸುವವರು ಬಹಳ ಜನ. ಏನಾದರೂ ಗೊತ್ತಾಗದಿದ್ದರೆ ಕೇಳಲು ಪಕ್ಕದಲ್ಲೇ ಯಾರಾದರೂ ಸಿಗುತ್ತಾರೆ, ಅದು ಕಡಿಮೆ ಮಾತಲ್ಲ. 2018ರ ಹಳೇ ಇಕ್ವಿನಾಕ್ಸ್ 600, 800 ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯ ಬೆಲೆಗೆ ಸಿಗುತ್ತವೆ. ನೋಡಬೇಕಾದ್ದು ಎರಡು: ಕಾಯಿಲ್ ದಂಡಕ್ಕೆ ಸೇರುವ ಕಿವಿಗಳು ಬಿರುಕು ಬಿಟ್ಟಿವೆಯಾ, ದಂಡದ ಕೂಡುಗಳು ಅಲ್ಲಾಡುತ್ತವೆಯಾ. ಸೀರಿಯಲ್ ನಂಬರ್ ಇಲ್ಲದ, ತೀರಾ ಅಗ್ಗದ "ಹೊಸ" ಮೈನ್‌ಲ್ಯಾಬ್, ಗ್ಯಾರೆಟ್ ಕಂಡರೆ ದೂರ ಇರಿ. ನಕಲಿ ಮಾಲು ಮಾರುಕಟ್ಟೆಯಲ್ಲಿದೆ.

ಎಕ್ಸ್‌ಪಿ ಡ್ಯೂಸ್ 2

ಫ್ರಾನ್ಸಿನ ತುಲೂಸ್‌ನದು. ಒಂದು ಕೆಜಿಗಿಂತ ಹಗುರ. ಕಾಯಿಲ್ಲಿನಲ್ಲೇ ಬ್ಯಾಟರಿ, ಕೇಬಲ್ ಇಲ್ಲ, ಎಲ್ಲ ವೈರ್‌ಲೆಸ್. ಮೊಳೆಗಳ ನಡುವೆ ಬೇರೆ ಬೇರೆ ಮಾಡಿ ಕೇಳಿಸುವುದರಲ್ಲಿ ಇದರ ಹೆಸರು ದೊಡ್ಡದು, ಸುಳ್ಳಲ್ಲ. ಬೆಲೆ ಸಾವಿರ ಡಾಲರ್ ದಾಟಿ ಓಡುತ್ತದೆ. ಕಲಿಯಲು ಒಂದು ಸೀಸನ್ ಬೇಕು. ಹೊಸಬರ ಕೈಯಲ್ಲಿ ಇದು ಸಿಂಪ್ಲೆಕ್ಸ್‌ಗಿಂತ ಗೊಂದಲ ಜಾಸ್ತಿ ಮಾಡುತ್ತದೆ, ಯಾಕೆಂದರೆ ಇದು ಎಲ್ಲವನ್ನೂ ಹೇಳುತ್ತದೆ. ಭುಜದ ನೋವಿನವರು, ಮತ್ತೆ ಒಂದೇ ಗುಳಿಯನ್ನು ಬೇರೆಯವರು ಹತ್ತು ಸಲ ಜಾಲಾಡಿದ ಮೇಲೆ ಉಳಿದದ್ದನ್ನು ಹುಡುಕುವವರು, ಇವರಿಬ್ಬರಿಗೆ ಇದು ತಕ್ಕದ್ದು. ಮೈನ್‌ಲ್ಯಾಬ್‌ನ ಮ್ಯಾಂಟಿಕೋರ್ ಕೂಡ ಇದೇ ಮಟ್ಟದ್ದು, ತೂಕ ಮಾತ್ರ ಜಾಸ್ತಿ.

ಪಲ್ಸ್ ಇಂಡಕ್ಷನ್ ಅನ್ನುವ ಇನ್ನೊಂದು ಬಗೆ ಇದೆ. ಆಳ ಚೆನ್ನಾಗಿ ಹೋಗುತ್ತದೆ ಅಂತ ಯಾರೋ ಹೇಳಿರುತ್ತಾರೆ. ಅದು ಬೀಚಿಗೆ, ಚಿನ್ನದ ಗಣಿಯ ನೆಲಕ್ಕೆ. ಕಬ್ಬಿಣವನ್ನು ಸರಿಯಾಗಿ ಬೇರ್ಪಡಿಸುವುದಿಲ್ಲ. ಹೊಲಮನೆಗೆ ತಂದರೆ ದಿನವಿಡೀ ಮೊಳೆ ಅಗೆಯುವುದೇ ಕೆಲಸ.

ಏಳುನೂರು ಡಾಲರ್ ಇದ್ದರೆ

ಬಹಳ ಜನ ಎಡವುವುದು ಇಲ್ಲಿ. ಏಳುನೂರು ಪೂರ್ತಿ ಯಂತ್ರಕ್ಕೆ ಹಾಕಿ, ಪಿನ್‌ಪಾಯಿಂಟರ್ ಇಲ್ಲದೆ, ಹೂಕುಂಡದ ಸಣ್ಣ ಸಲಿಕೆ ಹಿಡಿದು ಕಾಡಿಗೆ ಹೋಗುತ್ತಾರೆ. ಸಿಂಪ್ಲೆಕ್ಸ್, ಅದಕ್ಕೊಂದು ಚಿಕ್ಕ ಕಾಯಿಲ್, ಒಳ್ಳೆಯ ಪಿನ್‌ಪಾಯಿಂಟರ್, ಗಟ್ಟಿ ಸಲಿಕೆ ಇಷ್ಟು ಅದೇ ದುಡ್ಡಿನಲ್ಲಿ ಬರುತ್ತದೆ. ಸಂಜೆ ಜೇಬಿನಲ್ಲಿ ಗುಂಡಿ ಜಾಸ್ತಿ ಇರುವುದು ಈ ಎರಡನೆಯವರದ್ದೇ ಎಂದು ನನ್ನ ನಂಬಿಕೆ. ಸಾವಿರ ಇದ್ದರೆ ಲೆಜೆಂಡ್ ತಗೊಂಡು ಆರು ಇಂಚಿನ ಕಾಯಿಲ್ ಸೇರಿಸಿ, ಅಲ್ಲಿಂದ ಮೇಲೆ ಹೋಗಲು ಅವಸರ ಬೇಡ.

ಇನ್ನೊಂದು ಮಾತು. ತೆಳ್ಳಗಿನ ಗುಂಡಿ, ಪ್ಯೂಟರ್, ಬೇಟೆಗಾರರ ಕಾರ್ಟ್ರಿಜ್‌ನ ಹಿತ್ತಾಳೆ ತಳ, ಪೆಪ್ಸಿ ಕ್ಯಾನಿನ ಕಿತ್ತೆಸೆದ ರಿಂಗು, ಇವೆಲ್ಲ ಒಂದೇ ಸಂಖ್ಯೆಯ ಸುತ್ತ ಬರುತ್ತವೆ. ಎಷ್ಟೇ ದುಬಾರಿ ಯಂತ್ರವೂ ಇವನ್ನು ಬೇರೆ ಮಾಡಿ ಹೇಳಲಾರದು. ಕಬ್ಬಿಣ ಅಲ್ಲ ಅಂತ ಅನ್ನಿಸಿದ್ದನ್ನೆಲ್ಲ ಅಗೆಯಲೇಬೇಕು.

ಅಗೆದ ಮೊಳೆಯನ್ನೂ ಎಸೆಯುವ ಮುಂಚೆ ಒಮ್ಮೆ ನೋಡಿ. ದುಂಡಗಿನ ತಂತಿ ಮೊಳೆ 1890ರ ಹೊತ್ತಿಗೆ ಎಲ್ಲೆಡೆ ಹರಡಿತು. ಚೌಕ ತುದಿಯ, ಯಂತ್ರದಲ್ಲಿ ಕತ್ತರಿಸಿದ ಮೊಳೆ ಅದಕ್ಕೂ ಮುಂಚಿನ ನೂರು ವರ್ಷದ್ದು. ಕಮ್ಮಾರ ಬಡಿದ ಗುಲಾಬಿ ತಲೆಯ ಮೊಳೆ ಬರೀ ಸಿಗುತ್ತಿದ್ದರೆ ಮನೆ 18ನೇ ಶತಮಾನದ್ದಿರಬಹುದು, ಆ ಜಾಗ ಬಿಡಬೇಡಿ.

ಯಂತ್ರಕ್ಕಿಂತ ಮೊದಲು ಜಾಗ

ಕಲ್ಲಿನ ಗೋಡೆ ಇದ್ದಮಾತ್ರಕ್ಕೆ ಕಾಡು ಯಾರದೂ ಅಲ್ಲ ಅಂತಲ್ಲ. ಬಹಳಷ್ಟು ಊರುಗಳ ತೆರಿಗೆ ನಕ್ಷೆ ಆನ್‌ಲೈನ್‌ನಲ್ಲಿ ಇರುತ್ತದೆ, ಮಾಲೀಕರ ಹೆಸರು ಸಿಗುತ್ತದೆ. ಹೋಗಿ ಕೇಳಿ, ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ, ಸಿಕ್ಕದ್ದನ್ನು ತೋರಿಸಿ. ಎಲ್ಲಿ ಮನೆ ಇತ್ತು ಅಂತ ತಿಳಿಯಲು 1850ರಿಂದ 1870ರ ದಶಕದ ಕೌಂಟಿ ನಕ್ಷೆಗಳು ಸಾಕು. ಒಂದೊಂದು ಚುಕ್ಕೆಯ ಪಕ್ಕ ಮನೆಯವರ ಹೆಸರೇ ಇದೆ. ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರುತಗ್ಗು ಅಳೆದ ಲೈಡಾರ್ ಚಿತ್ರಗಳಲ್ಲಿ ಮರಗಳ ಕೆಳಗಿನ ಗೋಡೆ, ಗುಳಿ ಎರಡೂ ಕಾಣುತ್ತವೆ.

ನ್ಯಾಷನಲ್ ಪಾರ್ಕ್ ವ್ಯವಸ್ಥೆಯ ನೆಲದಲ್ಲಿ ಡಿಟೆಕ್ಟರ್ ಬಳಸುವಂತಿಲ್ಲ. ಕೇಪ್ ಕಾಡ್ ನ್ಯಾಷನಲ್ ಸೀಶೋರ್ ಕೂಡ ಅದರಲ್ಲೇ ಸೇರಿದೆ. ಫೆಡರಲ್ ನೆಲದ ನೂರು ವರ್ಷ ದಾಟಿದ ವಸ್ತುಗಳಿಗೆ 1979ರ ಪುರಾತತ್ವ ಕಾಯ್ದೆ ಇದೆ. ರಾಜ್ಯದ ಕಾಡುಗಳ ನಿಯಮ ಒಂದೊಂದು ಕಡೆ ಒಂದೊಂದು, ಹೋಗುವ ಮುನ್ನ ಕೇಳಿ. ಹೊಲದ ಮೂಲೆಯಲ್ಲಿ ಮನೆಯವರ ಪುಟ್ಟ ಸ್ಮಶಾನ ಇದ್ದರೆ ಅದರ ಹತ್ತಿರವೂ ಬೇಡ. ಗುಳಿಯ ಪಕ್ಕ ಎಲೆ ಮುಚ್ಚಿದ ಬಾವಿ ಇರುವುದುಂಟು, ಕಾಲಿಡುವ ಮುಂಚೆ ಕೋಲಿನಿಂದ ಕುಟ್ಟಿ ನೋಡಿ.

ಸೀಸನ್ ಅಂದರೆ ಎಲೆ ಉದುರಿದ ಮೇಲೆ ನೆಲ ಹೆಪ್ಪುಗಟ್ಟುವ ತನಕ, ಮತ್ತೆ ಹಿಮ ಕರಗಿದ ಮೇಲೆ ಪೊದೆ ಚಿಗುರುವ ತನಕ. ಜಿಂಕೆ ಬೇಟೆಯ ದಿನಗಳಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಇಲ್ಲದೆ ಹೋಗಬೇಡಿ. ಉಣ್ಣಿ ಕಾಟ ಇದೆ. ಲೈಮ್ ಕಾಯಿಲೆಗೆ ಹೆಸರು ಬಂದದ್ದೇ ಕನೆಕ್ಟಿಕಟ್‌ನ ಊರಿನಿಂದ. ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ, ಮನೆಗೆ ಬಂದ ಮೇಲೆ ಮೈ ನೋಡಿಕೊಳ್ಳಿ.

ಇಂಗ್ಲೆಂಡಿನಲ್ಲಿ ಇರುವವರಿಗೂ ಯಂತ್ರದ ಲೆಕ್ಕ ಹೆಚ್ಚುಕಡಿಮೆ ಇದೇ. ಅಲ್ಲಿ ಉತ್ತ ಬಯಲು ಜಾಸ್ತಿ, ಆದ್ದರಿಂದ ದೊಡ್ಡ ಕಾಯಿಲ್‌ಗೆ ಕೆಲಸ ಜಾಸ್ತಿ. ಕಾನೂನು ಮಾತ್ರ ಬೇರೆ. 1996ರ ಟ್ರೆಷರ್ ಆ್ಯಕ್ಟ್ ಪ್ರಕಾರ, 300 ವರ್ಷ ದಾಟಿದ, ಶೇ 10ರಷ್ಟಾದರೂ ಚಿನ್ನ ಬೆಳ್ಳಿ ಇರುವ ಒಡವೆಯಂಥ ವಸ್ತು ಸಿಕ್ಕರೆ 14 ದಿನದೊಳಗೆ ಕೊರೋನರ್ ಅನ್ನುವ ಆ ಭಾಗದ ಅಧಿಕಾರಿಗೆ ತಿಳಿಸಬೇಕು.

"ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಲಾ, ತಾತನ ಹೊಲದಲ್ಲಿ ನೋಡೋಣ" ಅಂತ ಕೇಳುವವರೂ ಇದ್ದಾರೆ. ಬೇಡ. ಭಾರತದಲ್ಲಿ 1878ರ ನಿಧಿ ಕಾಯ್ದೆ ಇದೆ, ಕರ್ನಾಟಕಕ್ಕೆ 1962ರದ್ದು ಬೇರೆ. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾವಸ್ತು ಕಾಯ್ದೆ ಇದೆ. ಹೊಲ ನಿಮ್ಮದೇ ಆದರೂ, ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು. ಜೊತೆಗೆ ನಿಧಿಗಳ್ಳರು ಗುಡಿ, ವೀರಗಲ್ಲು ಕಿತ್ತು ಅಗೆದ ಊರುಗಳಲ್ಲಿ ಕೈಯಲ್ಲಿ ಡಿಟೆಕ್ಟರ್ ಹಿಡಿದವರನ್ನು ಜನ ಯಾವ ಕಣ್ಣಿನಿಂದ ನೋಡುತ್ತಾರೆ ಅಂತ ಹೇಳಬೇಕಿಲ್ಲ. ಯಂತ್ರ ಇಲ್ಲೇ ಗರಾಜಿನಲ್ಲಿ ಇರಲಿ, ಬ್ಯಾಟರಿ ಮಾತ್ರ ಅರ್ಧ ಚಾರ್ಜ್ ಮಾಡಿ ಇಟ್ಟು ಹೋಗಿ.